ಹತ್ತುವ ಲೆಕ್ಕಂದ ಮದಲು ಇಳಿವ ಲೆಕ್ಕ

ಮಳೆ ಬಿಟ್ಟು ಬೆಶಿಲು ಕಂಡ ಕೂಡ್ಲೇ ಮನೆ ಮನೆಲಿ ಒಂದು ಮಾತು ಸುರು ಆವುತ್ತು: "ಈ ಸರ್ತಿ ಕುದುರೆಮುಖಕ್ಕೆ ಹೋಪನಾ?" ಬೆಂಗ್ಳೂರಿಂದ ಮಕ್ಕೊ ಫೋನು ಮಾಡ್ತವು. ಭಾವ ಕಾರು ತತ್ತೆ ಹೇಳ್ತ. ಅತ್ತಿಗೆ ಅವಲಕ್ಕಿ ಎಷ್ಟು ಬೇಕು ಹೇಳಿ ಕೇಳ್ತು. ವಾಟ್ಸಾಪಿಲಿ ಗುಡ್ಡೆತುದಿಯ ಪಟ ಬತ್ತು. ಆದರೆ ಎಷ್ಟು ಗಂಟೆಗೆ ತಿರುಗುದು ಹೇಳಿ ಮಾಂತ್ರ ಆರೂ ಕೇಳ್ತವಿಲ್ಲೆ. ಎನ್ನ ಪ್ರಕಾರ ಯೋಜನೆ ಸುರು ಆಯೆಕ್ಕಾದ್ದೇ ಆ ಪ್ರಶ್ನೆಂದ.

ಲೆಕ್ಕ ಹಾಕಿ ನೋಡುವೊ. ಕುದುರೆಮುಖದ ತುದಿ 1890 ಮೀಟರಿಂದ ರಜ ಹೆಚ್ಚು ಎತ್ತರಲ್ಲಿ ಇದ್ದು. ಕಳಸದ ಹೊಡೆಂದ ಸಂಸೆಗೆ ಬಂದು, ಅಲ್ಲಿಂದ ಜೀಪಿಲಿ ಮುಳ್ಳೋಡಿಗೆ ಹೋಗಿ, ಮತ್ತೆ ನಡವದು. ಹೋಪದು ಬಪ್ಪದು ಸೇರಿ ಸುಮಾರು 20 ಕಿಲೋಮೀಟರು. ಮನೆಯವು ಎಲ್ಲೋರೂ ಒಟ್ಟಿಂಗೆ ಹತ್ತುವಗ ಐದು ಗಂಟೆ ಬೇಕು, ಇಳಿವಲೆ ನಾಲ್ಕು. ಉದಿಯಪ್ಪಗ 7ಕ್ಕೆ ಹೆರಟರೆ 12ಕ್ಕೆ ತುದಿ, ಅರ್ಧ ಗಂಟೆ ಕೂದು ಬುತ್ತಿ ಉಂಡು ಇಳುದರೆ 4.30ಕ್ಕೆ ಕೆಳ. ಕಾಪಿ ಕುಡುದು, ಫೋಟೋ ತೆಗದು, 9ಕ್ಕೆ ಹೆರಟರೋ? ಕೆಳ ಎತ್ತುವಗ 6.30. ಡಿಸೆಂಬರಿಲಿ ಆರು ಗಂಟೆ ಹೊತ್ತಿಂಗೆಲ್ಲ ಸೂರ್ಯ ಕಂತುತ್ತ, ಕಾಡಿನ ಒಳ ಅದಕ್ಕೂ ಮದಲೇ ಕಸ್ತಲೆ. ತುದಿಲಿ ಇರುಳು ನಿಂಬಲೆ ಅನುಮತಿಯೂ ಇಲ್ಲೆ.

ಹಾಂಗಾಗಿ ಒಂದು ನಿಯಮ ಸಾಕು: ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ದರೂ ತಿರುಗುದು. ಇದರ ಮನೆಲಿ ಕೂದೊಂಡೇ ಎಲ್ಲೋರೂ ಒಪ್ಪೆಕ್ಕು. ತುದಿ ಕಣ್ಣಿಂಗೆ ಕಾಂಬಗ ತೀರ್ಮಾನ ಮಾಡ್ಲೆ ಹೆರಟರೆ "ಇನ್ನು ರಜವೇ ಇಪ್ಪದು" ಹೇಳುಗು ಎಲ್ಲೋರು. ಅಷ್ಟು ದೂರ ಬಂದ ಮತ್ತೆ ತಿರುಗುಲೆ ಆರಿಂಗೂ ಮನಸ್ಸು ಬತ್ತಿಲ್ಲೆ.

ಎರಡ್ನೇದು, ಆರ ಕಾಲಿನ ಲೆಕ್ಕ ಹಿಡಿವದು? ಕಾಲೇಜಿಂಗೆ ಹೋಪ ಮಾಣಿಯದ್ದಲ್ಲ, ಮೊಳಪ್ಪು ಬೇನೆ ಇಪ್ಪ ಅಬ್ಬೆದು. ಮೆಲ್ಲಂಗೆ ನಡವವು ಮುಂದೆ ಇರೆಕ್ಕು, ಜವ್ವನಿಗರು ಹಿಂದೆ. "ನಿಂಗೊ ಇಲ್ಲೇ ಕೂರಿ, ಎಂಗೊ ತುದಿ ಮುಟ್ಟಿ ಬತ್ತೆಯೊ" ಹೇಳಿ ಒಬ್ಬನ ದಾರಿಲಿ ಬಿಟ್ಟು ಹೋಪದು ಬೇಡವೇ ಬೇಡ. ಅಲ್ಲಿ ಹುಲ್ಲುಗಾವಲಿಂಗೆ ಮೈಂದು ಬಂತು ಹೇಳಿ ಆದರೆ ಹತ್ತು ಮಾರು ದೂರದ ದಾರಿಯೂ ಕಾಣ್ತಿಲ್ಲೆ. ಫೋನು ಮಾಡುವೊ ಹೇಳಿರೆ ಸಿಗ್ನಲ್ಲಿಲ್ಲೆ. ಅಷ್ಟು ನಡವಲೆ ಎಡಿಯದ್ದವಕ್ಕೆ ಕುರಿಂಜಾಲು, ಗಂಗಡಿಕಲ್ಲು ಹೇಳಿ ಇನ್ನೂ ಸಣ್ಣ ದಾರಿಗೊ ಇದೇ ಉದ್ಯಾನಲ್ಲಿ ಇದ್ದು. ಅದುದೆ ಎಡಿಯದ್ದರೆ ಅಜ್ಜಿಗೆ ಹೊರನಾಡು ದೇವಸ್ಥಾನ, ಮಕ್ಕೊಗೆ ಗುಡ್ಡೆ. ಇರುಳು ಒಟ್ಟಿಂಗೆ ಊಟ. ಅಜ್ಜಿಯ ಬಿಟ್ಟು ಹೋದ ಹಾಂಗೂ ಆವುತ್ತಿಲ್ಲೆ, ಎಳದುಗೊಂಡು ಹೋದ ಹಾಂಗೂ ಆವುತ್ತಿಲ್ಲೆ.

"ನಮ್ಮ ಊರಿನ ಗುಡ್ಡೆಗೆ ಹೋಪಲೆ ನವಗೆಂತಕೆ ಬುಕ್ಕಿಂಗು?" ಹೇಳಿ ಕೆಲವು ಜೆನ ಕೋಪ ಮಾಡ್ತವು. 2024ರ ಗಣರಾಜ್ಯೋತ್ಸವದ ರಜೆಲಿ ಕುಮಾರಪರ್ವತಲ್ಲಿ ಜಾತ್ರೆಯ ಹಾಂಗೆ ಜೆನ ಸಾಲು ನಿಂದದು ನೆಂಪಿದ್ದನ್ನೆ? ಅದಾದ ಮೇಲೆಯೇ ಸರಕಾರ ಚಾರಣ ನಿಲ್ಲುಸಿ, ಆನ್‌ಲೈನ್ ಬುಕ್ಕಿಂಗು, ದಿನಕ್ಕೆ ಇಷ್ಟೇ ಜೆನ ಹೇಳಿ ಮಿತಿ ತಂದದು. ಎನಗಂತೂ ಅದು ಸರಿ ಕಾಣ್ತು. ಹೆಸರು ಮದಲೇ ಕೊಡೆಕ್ಕಾದ ಕಾರಣ ಆರು ಬತ್ತವು, ಆರು ಬತ್ತವಿಲ್ಲೆ ಹೇಳಿ ಮನೆಲಿಯೂ ಬೇಗ ತೀರ್ಮಾನ ಆವುತ್ತು. ಬೇಸಗೆಲಿ ಹುಲ್ಲು ಒಣಗಿಪ್ಪಗ ಕಿಚ್ಚಿನ ಹೆದರಿಕೆಗೆ ದಾರಿ ಮುಚ್ಚುದುದೆ ಇದ್ದು. ದಿನ ಗುರ್ತ ಮಾಡುವ ಮದಲು ಅದರ ಕೇಳಿಕ್ಕಿ.

ಬುತ್ತಿಯ ವಿಷಯ ಸಣ್ಣದು ಹೇಳಿ ಗ್ರೇಶೆಡಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುದು ಈ ಉದ್ಯಾನದ ಗುಡ್ಡೆಗಳಲ್ಲಿ. ಮಳೆನೀರಿನ ಹಿಡುದು ಮಡುಗಿ ಮೆಲ್ಲಂಗೆ ಕೆಳ ಬಿಡುದು ಆ ಹುಲ್ಲುಗಾವಲು, ಆ ಶೋಲೆ ಕಾಡುಗೊ. ನೇತ್ರಾವತಿ ಕರೆಲಿ ತೋಟ ಮಡಿಕ್ಕೊಂಡು ಆ ನೀರು ಬಿಡುವ ನಾವೇ ಅಲ್ಲಿ ಚಿಪ್ಸಿನ ತೊಟ್ಟೆ ಇಡ್ಕಿರೆ ಆರಿಂಗೆ ಹೇಳುದು? ಅಲ್ಲಿಯಾಣ ಕಬ್ಬಿಣದ ಅದಿರಿನ ಗಣಿಯ ನಿಲ್ಲುಸುಲೆ ಸುಪ್ರೀಂ ಕೋರ್ಟಿನವರೆಗೆ ಹೋಯೆಕ್ಕಾತು, 2005ರ ಅಕೇರಿಗೆ ಅದು ನಿಂದತ್ತು. ತೊಟ್ಟೆ ಇಡ್ಕದ್ದೆ ಇಪ್ಪಲೆ ಯೇವ ಕೋರ್ಟೂ ಬೇಡ. ಬಾಳೆಲೆ ಬಾಡ್ಸಿ ಚಿತ್ರಾನ್ನ ಕಟ್ಟಿ, ಸ್ಟೀಲಿನ ಬಾಟ್ಲಿಲಿ ಒಬ್ಬಂಗೆ ಎರಡು-ಮೂರು ಲೀಟರು ನೀರು ತುಂಬ್ಸಿ. ಉಂಡ ಎಲೆ, ಕಿತ್ತಳೆ ಚೋಲಿ ಎಲ್ಲ ಅದೇ ಚೀಲಲ್ಲಿ ವಾಪಾಸು ಬರಲಿ. ಚೋಲಿ ಮಣ್ಣಾವುತ್ತು ಅಪ್ಪು, ಆದರೆ ಅದರ ತಿಂದು ಕಲ್ತ ಮಂಗ ಮತ್ತೆ ಬಪ್ಪವರ ಚೀಲಕ್ಕೇ ಕೈ ಹಾಕುಗು.

ತುದಿ ಮುಟ್ಟದ್ದೆ ಬಂದರೆ ಹೋದ್ದು ದಂಡ ಹೇಳುವವು ಇದ್ದವು. ಒಂಟಿಮರದ ಹತ್ತರೆ ಕೂದು, ಗಾಳಿಗೆ ಹುಲ್ಲು ಹೊರಳುದರ ನೋಡಿ, ಎಲ್ಲೋರೂ ಸೌಖ್ಯಲ್ಲಿ ಮನೆಗೆ ಎತ್ತಿದರೆ ಅದು ದಂಡವೋ?

ಅಡಿಗೆಮನೆ ಕ್ಯಾಲೆಂಡರಿಲಿ ದೊಡ್ಡಕೆ ಬರೆಯಿರಿ: ಹೆರಡುದು 7, ತಿರುಗುದು 1. ಒಂದು ಪ್ರತಿ ಹತ್ತರಾಣ ಮನೆಯವಕ್ಕೂ ಕೊಡಿ. ಒಪ್ಪದ್ದವು ಇದ್ದರೆ ಆ ಲಡಾಯಿಯ ಬುಕ್ಕಿಂಗಿನ ಮದಲೇ ಮನೆಲಿ ಮುಗುಶಿ. ಗುಡ್ಡೆ ಮೇಲೆ ಬೇಡ.