ತಪ್ಪಿನಿಂದ ಹುಟ್ಟಿದ ‘ಓಕೆ’

ಇಂಗ್ಲಿಷ್ ಪರೀಕ್ಷೆಯಲ್ಲಿ ಸ್ಪೆಲಿಂಗ್ ತಪ್ಪಿದರೆ ಅಂಕ ಹೋಗುತ್ತದೆ. ಆದರೆ ಬೇಕೆಂದೇ ಮಾಡಿದ ಒಂದು ಸ್ಪೆಲಿಂಗ್ ತಪ್ಪು ಇಂದು ಲೋಕದ ಮೂಲೆಮೂಲೆಯಲ್ಲೂ ಕೇಳಿಬರುತ್ತದೆ. ಅಮ್ಮ ‘ಅಂಗಡಿಗೆ ಹೋಗಿ ಬಾರೋ’ ಎಂದರೆ ಮಗ ‘ಓಕೆ’ ಎನ್ನುತ್ತಾನಲ್ಲ, ಅದೇ ಪದ. ಇದು ಹುಟ್ಟಿದ್ದು ಎಲ್ಲಿ?

ಕಥೆಗಳಿಗೇನೂ ಬರವಿಲ್ಲ. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ಭಾಷೆಯಲ್ಲಿ ‘ಹೌದು, ಹಾಗೆಯೇ’ ಎಂಬ ಅರ್ಥದ, ಇದನ್ನೇ ಹೋಲುವ ಮಾತೊಂದಿದೆ. ಅದೇ ಮೂಲವೆಂದು ಹಲವರು ನಂಬಿದರು. 1913ರಲ್ಲಿ ಅಧ್ಯಕ್ಷರಾದ ವುಡ್ರೋ ವಿಲ್ಸನ್ ಕಾಗದಪತ್ರಗಳ ಮೇಲೆ ಆ ಮಾತಿನ ಸ್ಪೆಲಿಂಗನ್ನೇ ಬಳಸಿ ಒಪ್ಪಿಗೆ ಬರೆಯುತ್ತಿದ್ದರು. ಇನ್ನೊಂದು ಕಥೆ, ಅವರಿಗಿಂತ ಬಹಳ ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರದು. ಸ್ಪೆಲಿಂಗ್ ಸರಿಯಾಗಿ ಬಾರದೆ ಅವರೇ ಹೀಗೆ ಗೀಚಿದರಂತೆ! ಕೇಳಲು ಚೆಂದ. ಆದರೆ ಸಾಕ್ಷಿ ಎಲ್ಲಿ?

ಸಾಕ್ಷಿ ಹುಡುಕಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಭಾಷಾ ವಿದ್ವಾಂಸ ಆಲನ್ ವಾಕರ್ ರೀಡ್. ಅವರು ಹಳೆಯ ಪತ್ರಿಕೆಗಳನ್ನು ಜಾಲಾಡಿದರು. 1963 ಮತ್ತು 1964ರಲ್ಲಿ ಪ್ರಕಟವಾದ ಅವರ ಲೇಖನಗಳು ಪದದ ಜಾತಕವನ್ನೇ ಬಿಡಿಸಿಟ್ಟವು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ‘ಓ.ಕೆ.’ ಅಚ್ಚಾಗಿತ್ತು. ಪಕ್ಕದಲ್ಲೇ ‘ಆಲ್ ಕರೆಕ್ಟ್’, ಅಂದರೆ ಎಲ್ಲವೂ ಸರಿ, ಎಂಬ ವಿವರಣೆಯೂ ಇತ್ತು.

ಮಾತುಗಳನ್ನು ಮೊದಲಕ್ಷರಗಳಿಗೆ ಇಳಿಸುವುದು ಆಗ ಬಾಸ್ಟನ್ ಪತ್ರಿಕೆಗಳ ಖಯಾಲಿ. ತಮಾಷೆ ಹೆಚ್ಚಲೆಂದು ಸ್ಪೆಲಿಂಗನ್ನೂ ಕೆಡಿಸುತ್ತಿದ್ದರು. ‘ಆಲ್ ಕರೆಕ್ಟ್’ನ ಮೊದಲಕ್ಷರಗಳು ಎ ಮತ್ತು ಸಿ. ಕಿವಿಗೆ ಕೇಳಿದಂತೆ ಬರೆದು ಅದನ್ನು ಓ ಮತ್ತು ಕೆ ಮಾಡಿದರು. ಹೀಗೆಯೇ ‘ಆಲ್ ರೈಟ್’ ಎಂಬುದು ಓ.ಡಬ್ಲ್ಯು. ಆಯಿತು. ಪ್ರಯೋಜನವಿಲ್ಲ ಎನ್ನುವ ‘ನೋ ಯೂಸ್’ ಕೆ.ವೈ. ಆಯಿತು.

ಈ ಸೋದರರೆಲ್ಲ ಮರೆಯಾದರು. ‘ಓಕೆ’ ಮಾತ್ರ ಉಳಿಯಲು 1840ರ ಅಧ್ಯಕ್ಷೀಯ ಚುನಾವಣೆ ನೆರವಾಯಿತು. ಮತ್ತೆ ಆಯ್ಕೆ ಬಯಸಿದ್ದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್‌ನಲ್ಲಿ. ಅವರಿಗೆ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿತ್ತು. ಮೊದಲಕ್ಷರಗಳು ಮತ್ತೆ ಓ ಮತ್ತು ಕೆ! ಬೆಂಬಲಿಗರು ‘ಓ.ಕೆ. ಕ್ಲಬ್’ ಕಟ್ಟಿದರು. ಎದುರಾಳಿಗಳು ಸುಮ್ಮನಿದ್ದಾರೆಯೇ? ವ್ಯಾನ್ ಬ್ಯೂರನ್ ಅವರ ಹಿರಿಯ ನಾಯಕ ಜಾಕ್ಸನ್ ಅವರನ್ನು ಗೇಲಿ ಮಾಡುವ ಆ ಸ್ಪೆಲಿಂಗ್ ಕಥೆ ಹಬ್ಬಿದ್ದು ಈ ಗದ್ದಲದಲ್ಲೇ, ಪದ ಅಚ್ಚಾದ ಮರುವರ್ಷ. ಕೊನೆಗೆ ವ್ಯಾನ್ ಬ್ಯೂರನ್ ಸೋತರು, ಪದ ಗೆದ್ದಿತು.

ಮಕ್ಕಳು ಮನೆಗೆ ತರುವ ಹೊಸ ಮಾತುಗಳನ್ನು ಕೇಳಿ ತಂದೆತಾಯಂದಿರು ಕಳವಳಪಡಬೇಕಿಲ್ಲ. ಕೆ.ವೈ.ಯಂತೆ ಹೆಚ್ಚಿನವು ತಾವಾಗಿಯೇ ಉದುರುತ್ತವೆ. ವಿದ್ಯಾರ್ಥಿಗಳು ಕಲಿಯಬೇಕಾದದ್ದು ಬೇರೊಂದಿದೆ. ಪದದ ಹುಟ್ಟಿನ ಬಗ್ಗೆ ಯಾರಾದರೂ ರಂಜಕ ಕಥೆ ಹೇಳಿದರೆ ತಲೆದೂಗುವ ಮೊದಲು ಕೇಳಬೇಕು: ‘ಅದು ಮೊದಲು ಅಚ್ಚಾದದ್ದು ಎಲ್ಲಿ, ಯಾವ ವರ್ಷ?’ ಈ ಒಂದು ಪ್ರಶ್ನೆಗೆ ಎಷ್ಟೋ ಕಥೆಗಳು ನಿಲ್ಲುವುದಿಲ್ಲ.

ಅಂದಹಾಗೆ, ಉತ್ತರ ಪತ್ರಿಕೆಯಲ್ಲಿ ಮಾತ್ರ ‘ಆಲ್ ಕರೆಕ್ಟ್’ ಅನ್ನು ಎ ಮತ್ತು ಸಿ ಇಂದಲೇ ಬರೆಯಬೇಕು. ಓಕೆ?