ಹಿಮದ ನಾಡಿನ ಪತ್ತನಾಜೆ



ಬೇಷ ತಿಂಗಳ ಹತ್ತನೆಯ ದಿನ ಪತ್ತನಾಜೆ ಬಂತೆಂದರೆ ನಮ್ಮ ಸೀಮೆಯಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಮಂಗಳ ಹಾಡುವುದೂ ವೇಷಧಾರಿಗಳು ಗೆಜ್ಜೆ ಬಿಚ್ಚುವುದೂ ರೂಢಿ. ಮಳೆ ಬರಲಿ, ಬಾರದಿರಲಿ, ದಿನವಂತೂ ನಿಶ್ಚಿತ. ಆದರೆ ಋತುವನ್ನು ನಂಬಿ ಬದುಕುವ ಎಲ್ಲ ನಾಡುಗಳಿಗೂ ಈ ನಿಶ್ಚಯದ ಭಾಗ್ಯವಿಲ್ಲ. ಸ್ವಿಟ್ಸರ್ಲೆಂಡಿನ ಪರ್ವತಗ್ರಾಮಗಳಲ್ಲಿ ಸ್ಕೀ ಆಟದ ಋತು ಇಂಥ ದಿನ ಮುಗಿಯುವುದೆಂದು ಮೊದಲೇ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿರುತ್ತಾರೆ. ಆದರೆ ಅದಕ್ಕೆ ಕಡೆಯ ರುಜು ಹಾಕುವವನು ಸೂರ್ಯ. 2023ರ ಬೇಸಗೆ ರಜೆಯಲ್ಲಿ ಅಂಥ ಕೊನೆಯ ನಾಲ್ಕು ದಿನಗಳನ್ನು ಹತ್ತಿರದಿಂದ ನೋಡುವ ಯೋಗ ನಮಗೆ ಒದಗಿತು. ಬರ್ನ್ ನಗರದಲ್ಲಿ ಎಂಜಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಒತ್ತಾಯವೇ ಅದಕ್ಕೆ ಕಾರಣ. ಅವನೂ ಅವನ ನಾಲ್ವರು ಸ್ನೇಹಿತರೂ ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಮ್ಯೂರೆನ್ ಎಂಬ ಹಳ್ಳಿಯಲ್ಲಿ ಒಂದು ಮನೆ ಹಿಡಿದು, ಋತುವಿನ ಕೊನೆಯ ದಿನಗಳನ್ನು ಒಟ್ಟಿಗೆ ಕಳೆಯುವ ವಾಡಿಕೆ ಇಟ್ಟುಕೊಂಡಿದ್ದರು.

ಸ್ಕೀ ಎಂದರೆ ಏನೆಂದು ಕೇಳುವ ಓದುಗರು ನಮ್ಮಲ್ಲಿ ಇದ್ದೇ ಇರುತ್ತಾರೆ. ಹೆಚ್ಚುಕಡಿಮೆ ಆಳುದ್ದದ, ಮುಂತುದಿ ಮೇಲಕ್ಕೆ ಬಾಗಿದ ಎರಡು ಸಪೂರ ಹಲಗೆಗಳನ್ನು ಗಟ್ಟಿಯಾದ ಬೂಟುಗಳಿಗೆ ಬಿಗಿದು, ಕೈಗಳಲ್ಲಿ ಎರಡು ಕೋಲು ಹಿಡಿದು, ಹಿಮದ ಇಳಿಜಾರಿನಲ್ಲಿ ಜಾರಿಬರುವ ವಿದ್ಯೆ ಅದು. ಉತ್ತರದ ನಾರ್ವೆ ದೇಶದ ಹಳೆಯ ಭಾಷೆಯಲ್ಲಿ ಆ ಶಬ್ದಕ್ಕೆ ಸೀಳಿದ ಮರದ ತುಂಡು ಎಂಬ ಅರ್ಥವಂತೆ. ಅಲ್ಲಿ ಅದು ಆಟವಾಗುವ ಮೊದಲು ನೂರಾರು ತಲೆಮಾರು ಬೇಟೆಗೂ ನೆಂಟರ ಮನೆಗೂ ಹೋಗುವ ಸಾಧನವಾಗಿತ್ತು. ಟೆಲೆಮಾರ್ಕ್ ಸೀಮೆಯ ಸೋಂದ್ರೆ ನೂರ್‌ಹೈಮ್ ಎಂಬ ಬಡ ಗೇಣಿದಾರ (1825-1897) ಹಿಮ್ಮಡಿಯನ್ನೂ ಸುತ್ತಿ ಹಲಗೆಗೆ ಬಿಗಿಯುವ ಕ್ರಮವನ್ನು ಬಳಕೆಗೆ ತಂದ ಮೇಲೆ, ಜಾರುವವನಿಗೆ ತಿರುಗುವ, ನೆಗೆಯುವ ಸ್ವಾತಂತ್ರ್ಯ ದೊರೆಯಿತು.

ಮ್ಯೂರೆನ್ ಸಮುದ್ರಮಟ್ಟದಿಂದ ಸುಮಾರು 1,640 ಮೀಟರ್ ಎತ್ತರದಲ್ಲಿ, ಲೌಟರ್‌ಬ್ರುನ್ನೆನ್ ಕಣಿವೆಯ ಬಂಡೆಗೋಡೆಯ ಅಂಚಿನಲ್ಲಿ ಕುಳಿತಿರುವ ಊರು. ಕೆಳಗಿನಿಂದ ಅಲ್ಲಿಗೆ ಮೋಟಾರು ಹೋಗುವುದಿಲ್ಲ. ಕೇಬಲ್ ಕಾರು ಮತ್ತು ಪುಟ್ಟದೊಂದು ರೈಲು, ಇವೇ ಗತಿ. ಎದುರಿಗೆ ಕೈಚಾಚಿದರೆ ಸಿಗುವಂತೆ ಐಗರ್, ಮೋಂಚ್, ಯುಂಗ್‌ಫ್ರಾವ್ ಎಂಬ ಮೂರು ಶಿಖರಗಳು. ಕೊನೆಯದು 4,158 ಮೀಟರ್. ಈ ಊರಿಗೂ ನಮಗೂ ಒಂದು ನವಿರಾದ ನಂಟು ಇರುವುದನ್ನು ಅಲ್ಲಿಗೆ ಹೋದ ಮೇಲೆ ತಿಳಿದು ನಾವು ಹಿಗ್ಗಿದೆವು. 1922ರಲ್ಲಿ ಇದೇ ಊರಿನಲ್ಲಿ, ನೆಟ್ಟ ಕೋಲುಗಳ ನಡುವೆ ಹಾವಿನಂತೆ ಬಳುಕುತ್ತ ಇಳಿಯುವ ಸ್ಲಾಲಂ ಸ್ಪರ್ಧೆಯನ್ನು ಇಂದಿನ ರೂಪದಲ್ಲಿ ಮೊದಲು ನಡೆಸಿದವರು ಆರ್ನಲ್ಡ್ ಲನ್ ಎಂಬ ಆಂಗ್ಲರು. ಜಾರುವ ಚಂದಕ್ಕೆ ಅಂಕ ಕೊಡುವುದನ್ನು ಬಿಟ್ಟು, ಯಾರು ಬೇಗ ಇಳಿದರು ಎಂಬುದನ್ನು ಮಾತ್ರ ಲೆಕ್ಕಹಾಕುವ ನಿಯಮ ಅವರದು. 1931ರಲ್ಲಿ ಇಳಿಜಾರು ಸ್ಕೀಯ ಮೊದಲ ವಿಶ್ವಸ್ಪರ್ಧೆ ನಡೆದುದೂ ಇಲ್ಲಿಯೇ. ಆ ಲನ್ ಮಹಾಶಯರು ಹುಟ್ಟಿದ್ದು 1888ರಲ್ಲಿ, ನಮ್ಮ ಮದ್ರಾಸಿನಲ್ಲಿ! ತಂದೆ ಹೆನ್ರಿ ಲನ್ ಆಗ ಅಲ್ಲಿ ಮಿಶನಿನ ವೈದ್ಯರಾಗಿದ್ದರು. ಕಾಸರಗೋಡು ಅಂದು ದಕ್ಷಿಣ ಕನ್ನಡ ಜಿಲ್ಲೆಯೊಡನೆ ಮದ್ರಾಸು ಪ್ರಾಂತಕ್ಕೆ ಸೇರಿತ್ತಾದ್ದರಿಂದ, ಹಿಮವನ್ನೇ ಕಾಣದ ನಮ್ಮ ಅಜ್ಜಂದಿರಿಗೂ ಹಿಮದ ಆಟಕ್ಕೆ ಕಾನೂನು ಬರೆದ ಈ ಮನುಷ್ಯನಿಗೂ ಜನ್ಮಪ್ರಾಂತ ಒಂದೇ ಆಯಿತು. ಬೇಸಗೆಯಲ್ಲಿ ಮಾತ್ರ ತೆರೆಯುತ್ತಿದ್ದ ಈ ಊರಿನ ಹೋಟೆಲು, ರೈಲುಗಳನ್ನು 1910ರ ಸುಮಾರಿಗೆ ಚಳಿಗಾಲದಲ್ಲೂ ನಡೆಸುವಂತೆ ಒಪ್ಪಿಸಿದವರು ಆ ತಂದೆಯೇ. ಚಳಿಗಾಲದಲ್ಲಿ ಬಾಗಿಲು ಮುಚ್ಚಿ ಮಲಗುತ್ತಿದ್ದ ಹಳ್ಳಿಗೆ ಹಾಗೆ ಎರಡನೆಯ ಬೆಳೆ ಬಂದಂತಾಯಿತು.

ಈ ಬೆಳೆಯ ಕೊನೆಯ ದಿನಗಳ ಸ್ವಾರಸ್ಯ ಇರುವುದು ಹಿಮದ ಗುಣದಲ್ಲಿ. ಜನವರಿಯ ಹಿಮ ಅಕ್ಕಿಹುಡಿಯಂತೆ ಹಗುರ. ದಿನವಿಡೀ ಒಂದೇ ತೆರನಾಗಿರುತ್ತದೆ. ಏಪ್ರಿಲಿನ ಹಿಮ ಗಂಟೆಗೊಂದು ಬಣ್ಣ. ಹಗಲಿನಲ್ಲಿ ಕರಗಿ ನೀರಾದ ಮೇಲ್ಪದರವು ರಾತ್ರಿ ಹೆಪ್ಪುಗಟ್ಟಿ, ಮುಂಜಾನೆ ಕಲ್ಲುಸಕ್ಕರೆಯಷ್ಟು ಗಟ್ಟಿಯಾಗಿರುತ್ತದೆ. ಆಗ ಜಾರಿದರೆ ಹಲ್ಲು ಕಟಕಟಿಸಬೇಕು. ಬಿಸಿಲೇರಿ ಮೇಲಿನ ಒಂದೆರಡು ಬೆರಳಿನಷ್ಟು ಪದರ ಸಡಿಲವಾಗಿ ತರಿತರಿಯಾದಾಗ, ಅಡಿಯಲ್ಲಿ ಗಟ್ಟಿ, ಮೇಲೆ ಮೃದು. ಇದೇ ಅವರು ವರ್ಷವಿಡೀ ಕಾಯುವ ಮುಹೂರ್ತ. ಪೂರ್ವದ ಇಳಿಜಾರಿಗೆ ಅದು ಮೊದಲು ಬರುತ್ತದೆ, ಬಳಿಕ ದಕ್ಷಿಣಕ್ಕೆ, ಕೊನೆಗೆ ಪಶ್ಚಿಮಕ್ಕೆ; ಬಲ್ಲವರು ಸೂರ್ಯನ ಹಿಂದೆಯೇ ಇಳಿಜಾರು ಬದಲಿಸುತ್ತ ಹೋಗುತ್ತಾರೆ. ನಡುಹಗಲು ದಾಟಿತೋ, ಹಿಮ ಗಂಜಿಯಾಗುತ್ತದೆ. ನೀರು ಒಳಗಿಳಿದು ಪದರಗಳ ಹಿಡಿತ ಸಡಿಲಿಸಿ, ಇಡೀ ಮೈಯೇ ಜಾರಿ ಬೀಳುವ ಭಯ ಅಲ್ಲಿಂದಾಚೆಗೆ. ಅದನ್ನೇ ಹಿಮಕುಸಿತ ಎನ್ನುವುದು.

ಈ ಗಡಿಯಾರಕ್ಕೆ ಕೀಲಿ ಕೊಡುವುದು ರಾತ್ರಿಯ ಆಕಾಶ. ಶುಭ್ರವಾದ ರಾತ್ರಿ ಹಿಮದ ಶಾಖವೆಲ್ಲ ಆಕಾಶಕ್ಕೆ ಹೊರಟುಹೋಗಿ, ಗಾಳಿ ಅಷ್ಟೇನೂ ತಣ್ಣಗಿರದಿದ್ದರೂ ಮೇಲ್ಮೈ ಹೆಪ್ಪುಗಟ್ಟುತ್ತದೆ. ಮೋಡ ಕವಿದರೆ ಅದು ಕಂಬಳಿಯಾಗಿ ಶಾಖವನ್ನು ತಡೆಯುತ್ತದೆ, ಹಿಮ ಗಟ್ಟಿಯಾಗುವುದಿಲ್ಲ. ಮೋಡದ ರಾತ್ರಿ ಇಬ್ಬನಿ ಬೀಳದೆಂಬುದನ್ನು ಅರಿತ ನಮ್ಮ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತರಗತಿಯಲ್ಲಿ ಮೂವತ್ತು ವರ್ಷ ಇಬ್ಬನಿಯ ಪಾಠ ಮಾಡಿದ ನಮಗೆ, ಅದೇ ಪಾಠದ ಮೇಲೆ ಐದು ಜನರ ಪ್ರಾಣ ನಿಂತಿರುವುದನ್ನು ನೋಡುವ ಸಂದರ್ಭ ಬಂದುದು ಅಲ್ಲಿ.

ಆ ಐವರಲ್ಲಿ ಒಬ್ಬ ಅದೇ ಕಣಿವೆಯಲ್ಲಿ ಹುಟ್ಟಿದ ಬಡಗಿ, ಒಬ್ಬಾಕೆ ಆಸ್ಪತ್ರೆಯ ದಾದಿ, ಒಬ್ಬ ನಮ್ಮಂತೆಯೇ ಮಕ್ಕಳ ಅಧ್ಯಾಪಕ. ಇನ್ನೊಬ್ಬ ಉದ್ಯೋಗ ನಿಮಿತ್ತ ಮುಂದಿನ ತಿಂಗಳೇ ಕೆನಡಾಕ್ಕೆ ಹೊರಟು ನಿಂತಿದ್ದವನು. ಅವನಿಗಾಗಿ ಕೊನೆಯ ದಿನ, ಊರಿನ ಹಿಂದಿರುವ, ಯಂತ್ರದಿಂದ ಹದಗೊಳಿಸದ ದೊಡ್ಡ ಇಳಿಜಾರೊಂದರಲ್ಲಿ ಐವರೂ ಜೊತೆಯಾಗಿ ಇಳಿಯಬೇಕೆಂದು ಜನವರಿಯಲ್ಲೇ ಮಾತಾಗಿತ್ತು. ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ನಕ್ಷೆ ಹರಡಿಕೊಂಡು ಅವರು ಮಾಡಿದ ಚರ್ಚೆಯನ್ನು ನಮ್ಮ ಶಿಷ್ಯ ನಮಗಾಗಿ ಕನ್ನಡಿಸುತ್ತಿದ್ದ. ಪ್ರತಿಯೊಬ್ಬರ ಎದೆಗೂ ಒಂದು ಪುಟ್ಟ ರೇಡಿಯೋ ಯಂತ್ರ. ಹೂತುಹೋದವನ ಯಂತ್ರ ಸಂಕೇತ ಕಳಿಸುತ್ತಿರುತ್ತದೆ, ಉಳಿದವರ ಯಂತ್ರ ಅದನ್ನು ಹುಡುಕುತ್ತದೆ. ಚೀಲದಲ್ಲಿ ಮಡಚುವ ಸಲಾಕೆ, ಸಲಿಕೆ. ಮೊದಲ ಕಾಲುಗಂಟೆಯೊಳಗೆ ಅಗೆದು ತೆಗೆದರೆ ಬದುಕುವವರೇ ಹೆಚ್ಚು. ಅರ್ಧಗಂಟೆಯಾದರೆ ಆಸೆ ಬಹಳ ಕಡಿಮೆ. ಅಂದಮೇಲೆ ಹೊರಗಿನ ನೆರವು ಬರುವವರೆಗೆ ಕಾಯುವಂತಿಲ್ಲ. ಪಕ್ಕದಲ್ಲಿರುವ ಸ್ನೇಹಿತನೇ ರಕ್ಷಕ. ಇಳಿಯುವಾಗಲೂ ಒಬ್ಬರ ಬಳಿಕ ಒಬ್ಬರು. ಉಳಿದವರ ಕಣ್ಣು ಇಳಿಯುವವನ ಮೇಲೆ. ನಾವು ಸ್ನೇಹವನ್ನು ಕುರಿತು ಎಷ್ಟೋ ಭಾಷಣಗಳನ್ನು ಕೇಳಿದ್ದೇವೆ, ಮಾಡಿಯೂ ಇದ್ದೇವೆ. ಸಲಿಕೆಯ ಹಿಡಿಯನ್ನು ಪರೀಕ್ಷಿಸಿ ಚೀಲಕ್ಕೆ ಹಾಕಿಕೊಳ್ಳುವ ಸ್ನೇಹವನ್ನು ಕಂಡದ್ದು ಅದೇ ಮೊದಲು.

ಬೆಳಗಿನ ಜಾವ ನಾಲ್ಕಕ್ಕೆ ಬಡಗಿ ಎದ್ದು ಹೊರಗೆ ಹೋಗಿದ್ದ. ರಾತ್ರಿ ಮೋಡ ಕವಿದಿತ್ತು. ಆರರ ಹೊತ್ತಿಗೆ ಎಲ್ಲರೂ ಸಜ್ಜಾಗಿ ಅಂಗಳಕ್ಕೆ ಬಂದಾಗ, ಅವನು ತನ್ನ ಕೋಲನ್ನು ಹಿಮಕ್ಕೆ ಊರಿದ. ಅದು ಹಿಡಿಯವರೆಗೂ ಸಲೀಸಾಗಿ ಇಳಿಯಿತು. ಅವನು ಹೇಳಿದ್ದು ಒಂದೇ ಮಾತು. ಅದರ ಅರ್ಥವನ್ನು ಶಿಷ್ಯನಲ್ಲಿ ಕೇಳಬೇಕಾದ ಅಗತ್ಯ ನಮಗೆ ಬೀಳಲಿಲ್ಲ. ಕೆನಡಾಕ್ಕೆ ಹೊರಟವನ ಮುಖ ಸಪ್ಪಗಾಯಿತು. ಒಂಬತ್ತು ವರ್ಷದ ಒಡನಾಟ, ಮತ್ತೆ ಯಾವಾಗಲೋ. ಅವನು ಎರಡು ಮಾತು ವಾದಿಸಿದ. ದಾದಿ ಅವನ ಭುಜದ ಮೇಲೆ ಕೈಯಿಟ್ಟಳು. ಅಲ್ಲಿಗೆ ಮುಗಿಯಿತು. “ಮಾಷ್ಟ್ರೇ, ಐವರಲ್ಲಿ ಒಬ್ಬ ಬೇಡ ಎಂದರೆ ಬೇಡವೇ, ನಾಲ್ವರ ಬಹುಮತಕ್ಕೆ ಇಲ್ಲಿ ಬೆಲೆ ಇಲ್ಲ” ಎಂದು ಶಿಷ್ಯ ವಿವರಿಸಿದ. ಅವರು ಯಂತ್ರ ಹದಮಾಡಿದ ಹಾದಿಯಲ್ಲೇ ಎರಡು ಸಲ ಇಳಿದು, ಹತ್ತಕ್ಕೆಲ್ಲ ಹಲಗೆ ಬಿಚ್ಚಿ ಬಂದು ನಮ್ಮ ಜೊತೆ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕುಳಿತರು.

ಬಿಟ್ಟುಬಂದ ಇಳಿಜಾರಿನಲ್ಲಿ ಆ ದಿನ ಏನೂ ಜಾರಲಿಲ್ಲ. ಸಂಜೆಯವರೆಗೂ ಅದು ಹಾಗೆಯೇ ಬೆಳ್ಳಗೆ ಹೊಳೆಯುತ್ತಿತ್ತು. ಹಾಗೆಂದು ಬಡಗಿಯ ತೀರ್ಮಾನ ಹುಸಿಯಾಯಿತೆಂದು ಯಾರೂ ಆಡಲಿಲ್ಲ. ಆ ನಾಡಿಗೆ ಅದರ ನೆನಪುಗಳಿವೆ. 1951ರ ಚಳಿಗಾಲವನ್ನು ಆಲ್ಪ್ಸ್ ಸೀಮೆಯವರು ಹಿಮಕುಸಿತದ ಚಳಿಗಾಲವೆಂದೇ ಕರೆಯುತ್ತಾರೆ. 1999ರ ಫೆಬ್ರವರಿಯಲ್ಲಿ ನೆರೆಯ ಆಸ್ಟ್ರಿಯದ ಗಾಲ್ಟ್ಯೂರ್ ಹಳ್ಳಿಯ ಮನೆಗಳ ಮೇಲೆಯೇ ಹಿಮ ಕುಸಿದು 31 ಮಂದಿ ತೀರಿಕೊಂಡರು. ದಾವೋಸಿನಲ್ಲಿ ಇದಕ್ಕೆಂದೇ ಸಂಶೋಧನಾ ಸಂಸ್ಥೆಯೊಂದಿದ್ದು, ಚಳಿಗಾಲವಿಡೀ ಅಪಾಯವನ್ನು 1ರಿಂದ 5ರವರೆಗೆ ಅಂಕ ಹಾಕಿ ದಿನವೂ ಪ್ರಕಟಿಸುತ್ತದೆ. ಆದರೂ ಅಂಗಳದ ಹಿಮಕ್ಕೆ ಕೋಲೂರಿ ನೋಡುವ ಕೆಲಸ ತಪ್ಪುವುದಿಲ್ಲ.

ಆ ಸಂಜೆ ಹಳ್ಳಿಯ ಬೀದಿಯಲ್ಲಿ ಇನ್ನೊಂದು ಬಗೆಯ ವಿದಾಯ ನಡೆದಿತ್ತು. ಹೋಟೆಲುಗಳ ಹಿಂಬಾಗಿಲಿನಿಂದ ಪೆಟ್ಟಿಗೆಗಳನ್ನು ಎಳೆದುಕೊಂಡು ಯುವಕ ಯುವತಿಯರು ರೈಲಿನತ್ತ ಹೊರಟಿದ್ದರು. ಪೋರ್ಚುಗಲಿನವರೇ ಹೆಚ್ಚೆಂದು ಶಿಷ್ಯ ಹೇಳಿದ. ಡಿಸೆಂಬರಿನಿಂದ ಪಾತ್ರೆ ತೊಳೆದು, ಹಾಸಿಗೆ ಹಾಸಿ, ಬಡಿಸಿದವರು. ಇವರ ಹಿಂದಿನ ತಲೆಮಾರಿನ ಕತೆ ಕೇಳಿ ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. 2002ರವರೆಗೂ ಆ ದೇಶದಲ್ಲಿ ಋತುಕಾರ್ಮಿಕರೆಂಬ ಒಂದು ಪ್ರತ್ಯೇಕ ಪರವಾನಗಿ ಇತ್ತು. ಇಟಲಿ, ಸ್ಪೇನ್, ಪೋರ್ಚುಗಲ್, ಯುಗೋಸ್ಲಾವಿಯಗಳಿಂದ ಬಂದವರು ವರ್ಷದಲ್ಲಿ ಹೆಚ್ಚೆಂದರೆ ಒಂಬತ್ತು ತಿಂಗಳು ದುಡಿದು ಹಿಂತಿರುಗಬೇಕು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಮಕ್ಕಳನ್ನು ಅಗಲಿರಲಾರದೆ ಗುಟ್ಟಾಗಿ ಕರೆತಂದ ತಂದೆತಾಯಿಗಳು, ಕೆಲಸಕ್ಕೆ ಹೋಗುವಾಗ ಅವರನ್ನು ಕೋಣೆಯೊಳಗೆ ಬಿಟ್ಟು ಬೀಗ ಹಾಕುತ್ತಿದ್ದರು. ಅಳಬಾರದು, ಕಿಟಕಿಯ ಬಳಿ ನಿಲ್ಲಬಾರದು, ಬಾಗಿಲು ಬಡಿದರೆ ಬೀರುವಿನೊಳಗೆ ಅಡಗಬೇಕು. ಬೀರುವಿನ ಮಕ್ಕಳು ಎಂದೇ ಅವರಿಗೆ ಹೆಸರಾಯಿತು. ಅಂಥವರು ಸಾವಿರಾರು ಮಂದಿ. ಶಾಲೆಯ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿದ್ದೂ ಶಾಲೆಗೆ ಹೋಗಲಾಗದ ಮಕ್ಕಳು!

ನಮ್ಮ ಜಿಲ್ಲೆಗಳಿಂದ ಮುಂಬಯಿಗೆ ಓಡಿಹೋದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ, ಮೆಟ್ರಿಕ್ ಮುಗಿಸಿ ಮೇಲೆ ಬಂದ ಕತೆಗಳನ್ನು ಈ ಪತ್ರಿಕೆಯ ಓದುಗರು ಬಲ್ಲರು. ಕೆಲವರ ಮನೆಯ ಕತೆಯೇ ಅದು. ಬಡತನ ಅಲ್ಲಿಯೂ ಇತ್ತು, ಇಲ್ಲಿಯೂ ಇತ್ತು. ಆದರೆ ನಮ್ಮ ಹುಡುಗರಿಗೆ ಅಡಗಿ ಕೂರುವ ದುರ್ಗತಿ ಇರಲಿಲ್ಲ. ಆ ಶ್ರೀಮಂತ ದೇಶದ ಶಾಲಾವ್ಯವಸ್ಥೆಯ ಮೇಲೆ ನಮಗೆ ಅಪಾರ ಗೌರವವಿದೆ. ಅಲ್ಲಿನ ಅಧ್ಯಾಪಕರು ಮಕ್ಕಳನ್ನು ಸ್ಕೀ ಶಿಬಿರಗಳಿಗೆ ಕರೆದೊಯ್ಯುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಉಳಿಸಲೆಂದು ಕೊಟ್ಟ ಚಳಿಗಾಲದ ರಜೆಯೇ ಮುಂದೆ ಕ್ರೀಡಾರಜೆಯಾಗಿ ಬೆಳೆಯಿತಂತೆ. ಎಲ್ಲವೂ ಮೆಚ್ಚತಕ್ಕದ್ದೇ. ಆದರೂ ಆ ಬೀರುಗಳನ್ನು ನಾವು ಲೆಕ್ಕದಿಂದ ಬಿಡಲಾರೆವು.

ಇನ್ನು ಹಿಮದ ಮಾತು. ಊರ ಅಂಚಿನ ಹುಲ್ಲುಗಾವಲಲ್ಲಿ ಹಿಮ ಕರಗಿದ ಕಡೆಯೆಲ್ಲ ಬಿಳಿ, ನೇರಳೆಯ ಪುಟ್ಟ ಹೂಗಳು ಆಗಲೇ ತಲೆಯೆತ್ತಿದ್ದವು. ಚೆಲುವಾದ ನೋಟ, ಬಡಗಿಗೆ ಮಾತ್ರ ಅದು ಅಷ್ಟು ಹಿತವೆನಿಸಲಿಲ್ಲ. ತನ್ನ ತಂದೆಯ ಕಾಲದಲ್ಲಿ ಈ ವಾರ ಈ ಜಾಗ ಹಿಮದಡಿ ಇರುತ್ತಿತ್ತೆಂದು ಅವನ ಎಣಿಕೆ. ಅವನ ಮಾತು ಬರಿಯ ಹಳೆಯ ಕಾಲದ ಹಂಬಲವಲ್ಲ. ಆ ದೇಶದ ಹಿಮನದಿಗಳು 2022ರ ಒಂದೇ ವರ್ಷದಲ್ಲಿ ತಮ್ಮ ಗಾತ್ರದ ಸುಮಾರು ನೂರಕ್ಕೆ 6 ಪಾಲನ್ನೂ, ನಾವು ಹೋದ 2023ರಲ್ಲಿ ಸುಮಾರು 4 ಪಾಲನ್ನೂ ಕಳೆದುಕೊಂಡವು. 1960ರಿಂದ 1990ರವರೆಗಿನ ಮೂವತ್ತು ವರ್ಷಗಳಲ್ಲಿ ಕರಗಿದಷ್ಟು ಈ ಎರಡೇ ವರ್ಷಗಳಲ್ಲಿ ಕರಗಿತು. ಆ 2023ರ ಹೊಸವರ್ಷದ ವಾರದಲ್ಲಿ ಆಲ್ಪ್ಸಿನ ತಗ್ಗಿನ ಊರುಗಳ ಎಷ್ಟೋ ಇಳಿಜಾರುಗಳು ಹಸುರಾಗಿಯೇ ಇದ್ದವು. ಯಂತ್ರಗಳಿಂದ ನೀರು ಚಿಮ್ಮಿಸಿ ಹಿಮ ಮಾಡುತ್ತಾರೆ, ನಿಜ. ಆದರೆ ಅದಕ್ಕೂ ಸೊನ್ನೆಗಿಂತ ಕೆಳಗಿನ ಚಳಿ ಬೇಕು, ಕೆರೆಯ ನೀರೂ ಬೇಕು. ನೂರು ದಿನ, ಒಂದಡಿ ಹಿಮ, ಇಷ್ಟಿಲ್ಲದ ಊರಿಗೆ ಈ ಉದ್ಯಮ ಗಿಟ್ಟದೆಂಬುದು ಅವರಲ್ಲಿ ಬಳಕೆಯಲ್ಲಿರುವ ಲೆಕ್ಕ. ದಕ್ಷಿಣ ಅಮೆರಿಕದ ಬೊಲಿವಿಯದಲ್ಲಿ 5,000 ಮೀಟರಿಗೂ ಎತ್ತರದಲ್ಲಿದ್ದ ಚಕಲ್ತಾಯ ಎಂಬ ಹಿಮನದಿಯ ಮೇಲೆ ಜನ ಹಲವು ದಶಕ ಸ್ಕೀ ಆಡಿದ್ದರು. 2009ರಲ್ಲಿ ಆ ಹಿಮನದಿಯೇ ಇಲ್ಲವಾಯಿತು. ಅಲ್ಲಿ ಯಾವುದೋ ಒಂದು ವರ್ಷದ ಕೊನೆಯ ದಿನ, ಆಡಿದವರಿಗೆ ತಿಳಿಯದೆಯೇ, ಕೊನೆಯ ಋತುವಿನ ಕೊನೆಯ ದಿನವಾಗಿ ಹೋಯಿತು.

ಹೊರಡುವ ಮುನ್ನ ಶಿಷ್ಯ ನಮ್ಮನ್ನು ಹಲಗೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಗೆ ಕರೆದೊಯ್ದ. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಮುದುಕನೊಬ್ಬ ನೂರಾರು ಜೊತೆ ಹಲಗೆಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೆಲಸದಲ್ಲಿ ತೊಡಗಿದ್ದ. ಒಂದೊಂದನ್ನೂ ಒರೆಸಿ ಒಣಗಿಸುವುದು, ಉಕ್ಕಿನ ಅಂಚುಗಳ ತುಕ್ಕು ತೆಗೆಯುವುದು, ಇಸ್ತ್ರಿಪೆಟ್ಟಿಗೆಯಲ್ಲಿ ಮೇಣ ಕರಗಿಸಿ ಅಡಿಯ ತುಂಬ ದಪ್ಪಗೆ ಸವರುವುದು. ಋತುವಿನ ನಡುವೆಯಾದರೆ ಆ ಮೇಣವನ್ನು ಕೂಡಲೇ ಹೆರೆದು ನಯಗೊಳಿಸುತ್ತಾರೆ. ಈಗ ಹೆರೆಯುವುದಿಲ್ಲ, ಬೇಸಗೆ ಕಳೆಯುವವರೆಗೂ ಹಾಗೆಯೇ ಬಿಡುತ್ತಾರೆ. ಎಷ್ಟು ಜೊತೆ ಆಯಿತೆಂದು ನಾವು ಕೇಳಿಸಿದೆವು. ಆತ ತಲೆಯೆತ್ತದೆ, ಇನ್ನೂ ಅರ್ಧವೂ ಆಗಿಲ್ಲ, ಡಿಸೆಂಬರಿಗೆ ಎಲ್ಲವೂ ಬೇಕಾಗುತ್ತವೆ ಎಂದು ಹೇಳಿ ಮುಂದಿನ ಹಲಗೆಯನ್ನು ಎತ್ತಿಕೊಂಡ.