ಜಪಸರವೂ ಔಷಧವೂ

ಆತಂಕದ ಕಾಯಿಲೆಗೆ ಗುಳಿಗೆ ಸೇವಿಸುವುದು ವಿಶ್ವಾಸದ ಕೊರತೆಯೆಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಇನ್ನೂ ಅಳಿದಿಲ್ಲ. ಧ್ಯಾನಕೂಟದಿಂದ ಮರಳಿದವರು ವೈದ್ಯರನ್ನು ಕೇಳದೆ ಔಷಧವನ್ನು ಹಠಾತ್ತನೆ ನಿಲ್ಲಿಸಿ ಮೊದಲಿಗಿಂತಲೂ ಹೆಚ್ಚು ನರಳುವುದುಂಟು. ಇದನ್ನು ಭಕ್ತಿಯೆಂದು ಕರೆಯಲು ನಾವು ಒಪ್ಪಲಾರೆವು.

ಗೆತ್ಸೆಮನೆ ತೋಪಿನಲ್ಲಿ ಪ್ರಭು ಯೇಸುವೇ ತೀವ್ರ ಯಾತನೆಗೆ ಒಳಗಾದರು. ಶಿಷ್ಯರು ತಮ್ಮೊಡನೆ ಎಚ್ಚರವಾಗಿರಲೆಂದು ಬಯಸಿದರು. ಅವರಲ್ಲಿ ವಿಶ್ವಾಸವಿರಲಿಲ್ಲವೆಂದು ಹೇಳಲಾದೀತೆ? ಸಿರಾಖನ ಗ್ರಂಥದ 38ನೇ ಅಧ್ಯಾಯವು ರೋಗಿಗೆ ಮೊದಲು ಪ್ರಾರ್ಥಿಸಲು ತಿಳಿಸಿ, ಬಳಿಕ ವೈದ್ಯನಿಗೂ ಎಡೆಗೊಡಬೇಕೆನ್ನುತ್ತದೆ. ಔಷಧವೂ ದೇವರ ಸೃಷ್ಟಿಯೇ ಎನ್ನುತ್ತದೆ. (ನಮ್ಮ ಬೈಬಲಿನಲ್ಲಿರುವ ಈ ಗ್ರಂಥವನ್ನು ನಾವೇ ಓದುವುದು ಕಡಿಮೆ!)

ಮಗಳ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆಯನ್ನು ಮುಚ್ಚಿಡುವ ತಾಯ್ತಂದೆಯರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಬಹುದು. ಕನ್ನಡದಲ್ಲೇ, ಉಚಿತವಾಗಿ ಸಲಹೆ ದೊರೆಯುತ್ತದೆ.